ಶಾಲು ಹೊದಿಸುವ ಮೊದಲು: ಉಡುಪಿಯಲ್ಲಿ ಶ್ರಮಿಕರ ಸನ್ಮಾನ ನಡೆಸಿದ ನನ್ನ ಅನುಭವ

ಉಡುಪಿಯ ಕಡೆ ಸನ್ಮಾನಕ್ಕೆ ಬರವಿಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವದಿಂದ ಹಿಡಿದು ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನದ ರಂಗಸ್ಥಳ, ಯುವಕ ಮಂಡಲದ ಕ್ರೀಡಾಕೂಟದವರೆಗೆ ಎಲ್ಲೆಲ್ಲಿ ಧ್ವನಿವರ್ಧಕ ಕಟ್ಟಿರುತ್ತಾರೋ ಅಲ್ಲೆಲ್ಲ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ ಮತ್ತು ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ ಸಿದ್ಧವಾಗಿರುತ್ತವೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಬಳಿಕ ನಮ್ಮ ರೋಟರಿ ಕ್ಲಬ್ಬಿನಲ್ಲಿ ವೃತ್ತಿಗಳನ್ನೂ ದುಡಿಮೆಯನ್ನೂ ಗೌರವಿಸುವ ಕೆಲಸ ನೋಡಿಕೊಳ್ಳುವ ವೃತ್ತಿ ಸೇವಾ ನಿರ್ದೇಶಕನ ಹೊಣೆ ನನ್ನ ಪಾಲಿಗೆ ಬಂದಾಗ, ಶ್ರಮಿಕರನ್ನು ಗೌರವಿಸುವ ಕಾರ್ಯಕ್ರಮ ವರ್ಷದ ಪಟ್ಟಿಯಲ್ಲಿ ಆಗಲೇ ಇತ್ತು. ಅದನ್ನು ಗೌರವ ಪಡೆಯುವವರ ಕೆಲಸಕ್ಕೂ ಬಿಡುವಿಗೂ ಹೊಂದುವಂತೆ ಹೇಗೆ ನಡೆಸುವುದು ಎಂಬುದಷ್ಟೇ ನನ್ನ ಮುಂದಿದ್ದ ಪ್ರಶ್ನೆಯಾಗಿತ್ತು.

ರೋಟರಿಯಲ್ಲಿ ವೃತ್ತಿ ಸೇವೆ ಎನ್ನುವುದು ಆಮೇಲೆ ಸೇರಿಕೊಂಡ ಅಲಂಕಾರವಲ್ಲ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಜತೆ ಮೊದಲ ಸಭೆಗೆ ಕುಳಿತವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿ. ಒಂದೊಂದು ವೃತ್ತಿಯಿಂದ ಒಬ್ಬೊಬ್ಬರು ಎಂಬ ಲೆಕ್ಕದಲ್ಲಿಯೇ ಆರಂಭದ ಕ್ಲಬ್ಬುಗಳು ಬೆಳೆದವು. ಇಂದು ನಮ್ಮ ಸದಸ್ಯರ ಪಟ್ಟಿಯಲ್ಲಿ ವೈದ್ಯರು, ಗುತ್ತಿಗೆದಾರರು, ಲೆಕ್ಕಪರಿಶೋಧಕರು, ಹೋಟೆಲ್ ಮಾಲಕರು ಸಾಲುಸಾಲಾಗಿ ಸಿಗುತ್ತಾರೆ. ದರ್ಜಿ ಮಾತ್ರ ಸಿಗುವುದಿಲ್ಲ. ಇದನ್ನು ನಾನು ಸಮಿತಿಯ ಸಭೆಯಲ್ಲಿ ಹೇಳಿದಾಗ ಕೆಲವರು ನಕ್ಕರು, ಕೆಲವರು ಸುಮ್ಮನಾದರು. ಆದರೆ ಶ್ರಮಿಕರ ಕಾರ್ಯಕ್ರಮಕ್ಕೆ ಎಲ್ಲರೂ ಒಪ್ಪಿದ್ದು ಆ ಮಾತಿನ ನಂತರವೇ.

ಮೊದಲ ತೊಡಕು ದಿನಾಂಕದ್ದು. ರೋಟರಿಯ ಪಂಚಾಂಗದಲ್ಲಿ ಜನವರಿ ವೃತ್ತಿ ಸೇವಾ ಮಾಸ. ಮಳೆಯಿಲ್ಲ, ಸೆಕೆಯೂ ಕಡಿಮೆ, ಸಭಾಂಗಣಕ್ಕೆ ಜನ ಬರುತ್ತಾರೆ. ಕ್ಲಬ್ಬಿಗೆ ಅನುಕೂಲವಾದ ತಿಂಗಳು ಅದು. ಆದರೆ ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು, ಕೃಷ್ಣ ಮಠದ ಪೂಜೆಯ ಹೊಣೆ ಅಷ್ಟ ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವ ನಡೆಯುತ್ತದೆ. ಆ ವರ್ಷದ ಜನವರಿಯಲ್ಲಿ ನಗರಸಭೆಯ ಪೌರಕಾರ್ಮಿಕರಿಗಾಗಲಿ ವಿದ್ಯುತ್ ಕಂಪನಿ ಮೆಸ್ಕಾಂನ ಲೈನ್‌ಮನ್‌ಗಳಿಗಾಗಲಿ ಮನೆಯಲ್ಲಿ ಕುಳಿತು ಉಣ್ಣುವಷ್ಟು ಪುರಸೊತ್ತು ಇರುವುದಿಲ್ಲ. ಅಂಥವರನ್ನು ಅದೇ ತಿಂಗಳು ವೇದಿಕೆಗೆ ಕರೆಯುವುದೆಂದರೆ ಗೌರವದ ಹೆಸರಿನಲ್ಲಿ ಇನ್ನೊಂದು ಪಾಳಿ ದುಡಿಸಿದಂತೆ. ಮಲ್ಪೆ ಬಂದರಿನಲ್ಲಿ ಮೀನು ಆರಿಸುವ, ಬುಟ್ಟಿ ಹೊರುವ ಹೆಂಗಸರಿಗೂ ಜನವರಿ ಎಂದರೆ ದೋಣಿಗಳು ಬಂದು ಹೋಗುವ ಭರದ ಕಾಲ.

ಹಾಗಾಗಿ ಒಂದೇ ದಿನದ ದೊಡ್ಡ ಸಮಾರಂಭವನ್ನು ಕೈಬಿಟ್ಟು, ವರ್ಷವಿಡೀ ಹಂಚಿಹೋಗುವ ಸಣ್ಣ ಕಾರ್ಯಕ್ರಮಗಳ ಪಟ್ಟಿ ಮಾಡಿದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವುದರಿಂದ ಬಂದರಿನವರಿಗೆ ಜುಲೈ. ರೋಟರಿ ವರ್ಷವೂ ಜುಲೈ 1ಕ್ಕೆ ಆರಂಭವಾಗುತ್ತದೆ, ಹೊಸ ಪದಾಧಿಕಾರಿಗಳ ಪದಪ್ರದಾನದ ಖರ್ಚಿನಲ್ಲಿಯೇ ಇದೂ ಸೇರಿಹೋಗುತ್ತದೆ. ಪೌರಕಾರ್ಮಿಕರಿಗೆ ಸೆಪ್ಟೆಂಬರ್ 23. ರಾಜ್ಯದಲ್ಲಿ ಅದೇ ಪೌರಕಾರ್ಮಿಕರ ದಿನ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ಕಾಲ ಕಳೆದ ಮೇಲೆ, ಅಕ್ಟೋಬರಿನಲ್ಲಿ ಲೈನ್‌ಮನ್‌ಗಳಿಗೆ. ಬಾವಿ ಕೆಲಸದವರು ಎಪ್ರಿಲ್, ಮೇ ತಿಂಗಳಲ್ಲಿ ಕೈಗೆ ಸಿಗುವುದಿಲ್ಲವಾದ್ದರಿಂದ ಅವರಿಗೆ ಜನವರಿ ಬಿಟ್ಟೆ. ರೋಟರಿಯಲ್ಲಿ ನಮ್ಮ ವಲಯದ ಕ್ಲಬ್ಬುಗಳನ್ನು ನೋಡಿಕೊಳ್ಳುವ ವಲಯ ಸೇನಾನಿಯವರು, “ವರದಿಯಲ್ಲಿ ಒಂದೇ ಕಾರ್ಯಕ್ರಮವಾಗಿ ತೋರಿಸುವುದು ಹೇಗೆ?” ಎಂದು ಕೇಳಿದರು. ನಾಲ್ಕಾಗಿ ತೋರಿಸಿದರೆ ಕ್ಲಬ್ಬಿಗೇ ಲಾಭವಲ್ಲವೇ ಎಂದೆ; ಅಲ್ಲಿಗೆ ಆ ಚರ್ಚೆ ಮುಗಿಯಿತು.

ಗಳಿಗೆಯೂ ಮುಖ್ಯ. ನಮ್ಮ ವಾರದ ಸಭೆ ರಾತ್ರಿ ಏಳೂವರೆಗೆ. ಬೆಳಕು ಹರಿಯುವ ಮೊದಲೇ ಹಾಜರಿ ಹಾಕಿ ಬೀದಿಗೆ ಇಳಿಯುವವರು ಆ ಹೊತ್ತಿಗೆ ನಿದ್ದೆಗೆ ಸಿದ್ಧರಾಗಿರುತ್ತಾರೆ. ಆದುದರಿಂದ ಪೌರಕಾರ್ಮಿಕರ ಕಾರ್ಯಕ್ರಮವನ್ನು ಬೆಳಗ್ಗಿನ ಕೆಲಸ ಮುಗಿದು ಅವರು ಉಪಾಹಾರಕ್ಕೆ ಸೇರುವ ವೇಳೆಗೆ, ಅವರು ಸೇರುವ ಜಾಗದಲ್ಲಿಯೇ ಇಟ್ಟೆವು. ದಿನಗೂಲಿಯವರನ್ನು ಕರೆಯುವುದು ಅನಿವಾರ್ಯವಾದಾಗ ಆ ದಿನದ ಕೂಲಿಯನ್ನು ಲೆಕ್ಕ ಹಾಕಿ, ತಾಂಬೂಲದ ಜತೆ ಲಕೋಟೆಯಲ್ಲಿ ಇಟ್ಟು ಕೊಡುವ ಕ್ರಮ ಮಾಡಿಕೊಂಡೆವು. ಇದನ್ನು ವೇದಿಕೆಯಲ್ಲಿ ಹೇಳಕೂಡದು ಎಂಬುದು ನನ್ನ ಕಟ್ಟುನಿಟ್ಟಿನ ಷರತ್ತಾಗಿತ್ತು.

ಯಾರನ್ನು ಆರಿಸುವುದು ಎಂಬುದರಲ್ಲಿ ನನ್ನ ಹಳೆಯ ವೃತ್ತಿ ನೆರವಿಗೆ ಬಂತು. ಸದಸ್ಯರನ್ನು ಕೇಳಿದರೆ ತಮ್ಮ ಮನೆಗೆ ಬರುವವರ, ತಮ್ಮ ಅಂಗಡಿಯಲ್ಲಿರುವವರ ಹೆಸರು ಕೊಡುತ್ತಾರೆ, ಅದು ಸಹಜ. ಊರಿನ ದುಡಿಯುವ ಜನರನ್ನು ಹೆಸರು ಹಿಡಿದು ಬಲ್ಲವರು ಪಿಗ್ಮಿ ಸಂಗ್ರಾಹಕರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಸಂಪ್ರದಾಯದಲ್ಲಿ ಇಂದಿಗೂ ಅಂಗಡಿಯಿಂದ ಅಂಗಡಿಗೆ ಓಡಾಡುವವರಿಗೆ ಯಾರ ಸಂಪಾದನೆ ಹೇಗೆ, ಯಾರ ಮಾತು ಹೇಗೆ, ಯಾರು ಎಷ್ಟು ವರ್ಷದಿಂದ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದಾರೆ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಅವರು ಸೂಚಿಸಿದ ಹೆಸರುಗಳನ್ನು ಮೂರು ಮಂದಿಯ ಸಮಿತಿ ನೋಡಿತು. ಸದಸ್ಯರ ನೌಕರರನ್ನು ಮೊದಲ ವರ್ಷ ಪರಿಗಣಿಸುವುದಿಲ್ಲ ಎಂಬ ನಿಯಮದಿಂದ ಒಬ್ಬಿಬ್ಬರಿಗೆ ಬೇಸರವಾಯಿತು. ಆಗಲಿ ಎಂದು ಬಿಟ್ಟೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಸನ್ಮಾನ ಪತ್ರ. ನಮ್ಮಲ್ಲಿ ಸನ್ಮಾನ ಪತ್ರಕ್ಕೆ ಒಂದು ಸಿದ್ಧ ಅಚ್ಚಿದೆ: ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕಾಯಕಯೋಗಿ, ಎಲೆಮರೆಯ ಕಾಯಿ. ಹೆಸರು ಬದಲಿಸಿದರೆ ಅದೇ ಪತ್ರ ಅಧ್ಯಾಪಕರಿಗೂ ಆಗುತ್ತದೆ, ಅಡುಗೆ ಭಟ್ಟರಿಗೂ ಆಗುತ್ತದೆ. ಹರ್ಬರ್ಟ್ ಟೇಲರ್ 1932ರಲ್ಲಿ ರೂಪಿಸಿ ಮುಂದೆ ರೋಟರಿ ತನ್ನದಾಗಿಸಿಕೊಂಡ ನಾಲ್ಕು ಬಗೆಯ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ, “ಇದು ಸತ್ಯವೇ?” ಎಂಬುದು. ಪ್ರತಿ ಸಭೆಯಲ್ಲಿ ಅದನ್ನು ಓದುವ ನಾವು ನಮ್ಮ ಸನ್ಮಾನ ಪತ್ರಗಳಿಗೆ ಮಾತ್ರ ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿದ್ದೇವೆ ಎಂದು ನನಗನಿಸುತ್ತದೆ. ಹೀಗಾಗಿ ಗುಣವಾಚಕಗಳನ್ನೆಲ್ಲ ತೆಗೆದುಹಾಕಿ, ಆ ವ್ಯಕ್ತಿ ಮಾಡುವ ಕೆಲಸವನ್ನಷ್ಟೇ ಬರೆಯುವುದೆಂದು ನಿರ್ಧರಿಸಿದೆ. ಅದಕ್ಕಾಗಿ ಅವರ ಕೆಲಸದ ಜಾಗಕ್ಕೇ ಹೋಗಿ ನೋಡಬೇಕಾಯಿತು, ಕೇಳಬೇಕಾಯಿತು: ಈ ಕೆಲಸ ಯಾರು ಕಲಿಸಿದರು, ಅಪಾಯ ಎಲ್ಲಿದೆ, ಕೆಲಸ ಸರಿಯಾಗಿದೆ ಎಂದು ನಿಮಗೆ ಗೊತ್ತಾಗುವುದು ಹೇಗೆ. ಮೂರನೆಯ ಪ್ರಶ್ನೆಗೆ ಬಂದಷ್ಟು ಒಳ್ಳೆಯ ಉತ್ತರಗಳು ಉಳಿದವಕ್ಕೆ ಬರಲಿಲ್ಲ.

ಬಾವಿ ಕೆಲಸದವರೊಬ್ಬರ ಜತೆ ನಿಂತು ನೋಡಿದ್ದನ್ನು ಇಲ್ಲಿ ಹೇಳುತ್ತೇನೆ. ಮುರಕಲ್ಲಿನ ಹಳೆಯ ಬಾವಿ, ಹನ್ನೆರಡು ಕೋಲು ಆಳ, ಬಹಳ ಕಾಲದಿಂದ ಯಾರೂ ನೀರು ಸೇದದ್ದು. ಅವರು ಮೊದಲು ಸಬ್‌ಮರ್ಸಿಬಲ್ ಪಂಪು ಇಳಿಸಿ ನೀರು ಖಾಲಿ ಮಾಡಿ, ಪಂಪನ್ನು ಮೇಲಕ್ಕೆ ಎಳೆಸಿದರು. ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸುವುದಕ್ಕೆ ಅವರು ಎಂದೂ ಒಪ್ಪುವುದಿಲ್ಲ. ಹೊಗೆ ಒಳಗೇ ನಿಂತು ಆಳು ಸಾಯುತ್ತಾನೆ ಎಂಬುದು ಅವರಿಗೆ ಗೊತ್ತು. ಆಮೇಲೆ ಬಕೆಟ್ಟಿನಲ್ಲಿ ಉರಿಯುವ ಮೇಣದಬತ್ತಿ ಇಟ್ಟು ತಳದವರೆಗೆ ನಿಧಾನವಾಗಿ ಬಿಟ್ಟರು. ಬತ್ತಿ ಕೆಳಗೆ ಮುಟ್ಟಿದ ಮೇಲೂ ಬಹಳ ಹೊತ್ತು ಹಾಗೇ ಬಿಟ್ಟು ನೋಡಿದರು. ಅದು ನಂದಿದರೆ ಆ ದಿನ ಇಳಿಯುವುದಿಲ್ಲ, ಮನೆಯವರು ಎಷ್ಟು ಅವಸರ ಮಾಡಿದರೂ ಇಲ್ಲ. ಇಳಿಯುವಾಗ ಗೋಡೆಯ ಒಂದೊಂದು ಕಲ್ಲನ್ನೂ ಹಾರೆಯ ಹಿಡಿಯಿಂದ ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದ ಕಲ್ಲಿನ ಕೆಳಗೆ ನಿಲ್ಲುವುದಿಲ್ಲ. ಹಗ್ಗವನ್ನು ಎರಡು ಸಲ ಜಗ್ಗಿದರೆ ಕೆಸರಿನ ಬುಟ್ಟಿ ಎಳೆಯಬೇಕು, ಬಿಡದೆ ಜಗ್ಗಿದರೆ ಆಳನ್ನೇ ಎಳೆಯಬೇಕು. ಸನ್ಮಾನದ ವಿಷಯ ಹೇಳಿದಾಗ ಅವರು ಕೈತೊಳೆಯುತ್ತಾ, “ನನಗೆ ಕೊಡುವುದಾದರೆ ಮೇಲೆ ಹಗ್ಗ ಹಿಡಿದವನಿಗೂ ಕೊಡಿ ಮಾರಾಯ್ರೆ, ಅವನು ಬೀಡಿ ಹಚ್ಚಲಿಕ್ಕೆ ಆಚೆ ಹೋಗಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ” ಎಂದರು. ಇಬ್ಬರಿಗೂ ಒಂದೇ ಪತ್ರದಲ್ಲಿ ಗೌರವ ಸಲ್ಲಿಸಿದೆವು. ಮೇಣದಬತ್ತಿ, ಹಗ್ಗದ ಸಂಜ್ಞೆ, ಟೊಳ್ಳು ಕಲ್ಲು ಎಲ್ಲವೂ ಆ ಪತ್ರದಲ್ಲಿವೆ. ಎಲೆಮರೆಯ ಕಾಯಿ ಇಲ್ಲ. ಅದನ್ನು ಓದುವಾಗ ಸಭೆಯಲ್ಲಿದ್ದ ಗುತ್ತಿಗೆದಾರ ಮಿತ್ರರೊಬ್ಬರು ಎದ್ದು ಮತ್ತೊಮ್ಮೆ ಓದಲು ಕೇಳಿದರು.

ವೇದಿಕೆಯ ಕ್ರಮದಲ್ಲಿಯೂ ಅಲ್ಪಸ್ವಲ್ಪ ಬದಲಾವಣೆ ಮಾಡಿದೆವು. ಪ್ರಾರ್ಥನೆ, ಸ್ವಾಗತ, ಹಿಂದಿನ ಸಭೆಯ ವರದಿ ಮುಗಿದ ಕೂಡಲೇ ಸನ್ಮಾನ. ಅತಿಥಿಗಳ ಭಾಷಣ ನಂತರ. ಸನ್ಮಾನಿತರ ಮನೆಯವರಿಗೆ ಮುಂದಿನ ಸಾಲು. ಊಟಕ್ಕೆ ಅವರ ಮೇಜಿನಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಕುಳಿತುಕೊಳ್ಳಬೇಕು. ಪತ್ರಿಕೆಗೆ ಕೊಡುವ ಸುದ್ದಿಯಲ್ಲಿ ಸನ್ಮಾನಿತರ ಹೆಸರು ಮತ್ತು ಕೆಲಸ ಮೊದಲ ವಾಕ್ಯದಲ್ಲಿರಬೇಕು, ಉಪಸ್ಥಿತರಿದ್ದವರ ಪಟ್ಟಿ ಕೊನೆಯಲ್ಲಿ. ಈ ಕೊನೆಯದನ್ನು ಜಾರಿಗೆ ತರುವುದು ನಾನೆಣಿಸಿದ್ದಕ್ಕಿಂತ ಕಷ್ಟವಾಯಿತು ಎಂದಷ್ಟೇ ಹೇಳಬಲ್ಲೆ.

ಶಾಲು, ಸ್ಮರಣಿಕೆಗಳ ಖರ್ಚನ್ನು ಮಿತಗೊಳಿಸಿ, ಉಳಿದದ್ದರಲ್ಲಿ ಅವರಿಗೆ ನಾಳೆಯೂ ಉಪಯೋಗಕ್ಕೆ ಬರುವುದನ್ನು ಮಾಡಬೇಕೆಂದುಕೊಂಡಾಗ ಬ್ಯಾಂಕಿನ ಅನುಭವ ಮತ್ತೆ ಒದಗಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. 18ರಿಂದ 70 ವರ್ಷದವರು ಸೇರಬಹುದು. ವರ್ಷಕ್ಕೆ 436 ರೂಪಾಯಿಯ ಜೀವ ವಿಮೆಯಾದ ಜೀವನ ಜ್ಯೋತಿ ಯೋಜನೆಗೆ ಸೇರಲು 50 ವರ್ಷದ ಮಿತಿಯಿದೆ. ಎರಡರ ಅವಧಿಯೂ ಜೂನ್ 1ರಿಂದ ಮೇ 31. ಹಣ ಖಾತೆಯಿಂದ ತಾನಾಗಿ ಕಡಿತವಾಗುವುದು ಮೇ ಕೊನೆಯಲ್ಲಿ. ಆ ಹೊತ್ತಿಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ, ಮನೆಯವರಿಗೆ ಅದು ಗೊತ್ತಾಗುವುದು ಬೇಡದ ಹೊತ್ತಿನಲ್ಲಿ. ಆದ್ದರಿಂದ ಸನ್ಮಾನಿತರಿಗೂ ಅವರ ಜತೆಯಲ್ಲಿ ದುಡಿಯುವವರಿಗೂ ಅರ್ಜಿ ತುಂಬಿಸಿಕೊಟ್ಟು, ಮೇ ಮೂರನೆಯ ವಾರ ಒಬ್ಬೊಬ್ಬರಿಗೂ ದೂರವಾಣಿ ಕರೆ ಮಾಡಿ ನೆನಪಿಸುವ ಕೆಲಸವನ್ನು ನಮ್ಮ ಕ್ಲಬ್ಬಿನ ಕಿರಿಯ ಸದಸ್ಯರಿಗೆ ವಹಿಸಿದೆ. ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿಯನ್ನೂ ಜತೆಗೇ ಮಾಡಿಸಿದೆವು. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರಿಗೆ ಮಾತ್ರ ಅದು. ಬೀಡಿ ಕಟ್ಟುವ ಹೆಂಗಸರಲ್ಲಿ ಪಿ.ಎಫ್. ಇರುವವರು ಅದರಲ್ಲಿ ಸೇರುವಂತಿಲ್ಲ ಎಂಬುದನ್ನು ಮೊದಲೇ ತಿಳಿಸಿದ್ದರಿಂದ ಅವರು ಸುಮ್ಮನೆ ಸಾಲಿನಲ್ಲಿ ಕಾಯುವುದು ತಪ್ಪಿತು.

ಅದೇ ಬೀಡಿಯವರಿಗಾಗಿ ಮಾಡಿದ ಕಣ್ಣಿನ ತಪಾಸಣೆ ಇಡೀ ವರ್ಷದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಕೆಲಸ. ನಲ್ವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಬರುವಂಥದ್ದು. ಆದರೆ ದಿನವಿಡೀ ಎಲೆ ಸುತ್ತಿ ನೂಲು ಕಟ್ಟುವವರಿಗೆ ಅದು ನೇರವಾಗಿ ಸಂಪಾದನೆಗೆ ಹೊಡೆತ, ಏಕೆಂದರೆ ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ ಸಿಗುತ್ತದೆ, ಕಟ್ಟು ಸಡಿಲವಾದದ್ದನ್ನು ಬೀಡಿ ಒಪ್ಪಿಸಿಕೊಳ್ಳುವ ಬ್ರಾಂಚಿನಲ್ಲಿ ಹಿಂದಕ್ಕೆ ಹಾಕುತ್ತಾರೆ. ಹೆಂಗಸರು ಬೀಡಿ ಒಪ್ಪಿಸಲು ಬರುವ ದಿನವೇ ಬ್ರಾಂಚಿನ ಪಕ್ಕದ ಜಗಲಿಯಲ್ಲಿ ತಪಾಸಣೆ ಇಟ್ಟೆವು. ನಮ್ಮ ಸದಸ್ಯರಾದ ನೇತ್ರ ವೈದ್ಯರು ಅಕ್ಷರದ ಫಲಕವನ್ನು ಬದಿಗಿಟ್ಟು, ಕನ್ನಡಕ ತೊಡಿಸಿ ಕೈಗೆ ಎಲೆ ಮತ್ತು ನೂಲು ಕೊಟ್ಟು, ಅವರು ಕೂರುವ ಭಂಗಿಯಲ್ಲಿಯೇ ಕೂರಿಸಿ ಕಟ್ಟಿಸಿ ನೋಡಿದರು. ಓದುವ ದೂರಕ್ಕೂ ಮಡಿಲಿನ ಮೊರದ ದೂರಕ್ಕೂ ವ್ಯತ್ಯಾಸವಿದೆ, ಅದರಂತೆ ಕನ್ನಡಕದ ಅಂಕೆಯೂ ಬದಲಾಗುತ್ತದೆ. ಒಬ್ಬರು ಕನ್ನಡಕ ಹಾಕಿಕೊಂಡು ಎಲೆಯ ನರವನ್ನು ನೋಡಿ, “ಅಯ್ಯೋ, ಇದು ಹೀಗಿತ್ತಾ!” ಎಂದು ನಕ್ಕುಬಿಟ್ಟರು. ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವ ಶಂಕರಪುರದ ಕಡೆಯವರಿಂದಲೂ ಇಂಥದ್ದಕ್ಕೆ ಬೇಡಿಕೆ ಬಂದಿದೆ.

ಬಾಕಿ ಉಳಿದಿರುವುದು ಖಾಸಗಿ ಬಸ್ಸುಗಳ ನಿರ್ವಾಹಕರದ್ದು. ಅವರಿಗೆ ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗುವ ತಿಂಗಳೂ ಇಲ್ಲ, ಗಂಟೆಯೂ ಇಲ್ಲ. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುತ್ತಾರೆ. ಸಭಾಂಗಣದ ಯೋಚನೆ ಬಿಟ್ಟು, ಸರ್ವಿಸ್ ಬಸ್ ನಿಲ್ದಾಣದ ಟೈಮ್‌ಕೀಪರ್ ಬಳಿ ಕುಳಿತು ಯಾವ ಬಸ್ಸು ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದನ್ನು ಈಗ ಬರೆದುಕೊಳ್ಳುತ್ತಿದ್ದೇನೆ. ಮಂಗಳೂರಿನ ಬಸ್ಸುಗಳಿಗೆ ಸಿಗುವ ಸಮಯ ತೀರಾ ಕಡಿಮೆ. ಕಾರ್ಕಳ, ಹೆಬ್ರಿ ಕಡೆಯವಕ್ಕೆ ಸ್ವಲ್ಪ ಹೆಚ್ಚು. ಸನ್ಮಾನ ಪತ್ರವನ್ನು ಆ ಅವಧಿಯಲ್ಲಿ ಓದಿ ಮುಗಿಯುವಷ್ಟು ಚಿಕ್ಕದಾಗಿ ಬರೆಯಬೇಕಾಗುತ್ತದೆ.