ದೋರ್ದೋನ್ ಹಳ್ಳಿಯಲ್ಲಿ ಸಂಸಾರ ಹೂಡಿದ್ದು

ನಾನು ಹುಟ್ಟಿದ್ದು ಹಾಸನದಲ್ಲಿ, ಕೆಲಸ ಮಾಡಿದ್ದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಿವೃತ್ತಿಯಾದ ಮೇಲೆ ಹೆಂಡತಿಯೊಂದಿಗೆ ಬಂದು ನೆಲೆಸಿರುವುದು ಫ್ರಾನ್ಸಿನ ನೈಋತ್ಯಕ್ಕಿರುವ ದೋರ್ದೋನ್ ಜಿಲ್ಲೆಯಲ್ಲಿ, ಬೆರ್ಜೆರಾಕ್ ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಈ ಸೀಮೆಯಲ್ಲಿ ಬ್ರಿಟಿಷರು ತುಂಬಾ ಜನ. ‘ದೋರ್ದೋನ್‌ಶೈರ್’ ಅಂತಲೇ ಕರೆಯುವಷ್ಟು. 1270ರಲ್ಲಿ ಕೋಟೆಯೂರಾಗಿ ಕಟ್ಟಿದ ಎಮೆ ಪಟ್ಟಣದ ಗುರುವಾರದ ಸಂತೆಗೆ ಹೋದರೆ ತರಕಾರಿ ಅಂಗಡಿಯ ಮುಂದಿನ ಸಾಲಿನಲ್ಲಿ ಇಂಗ್ಲಿಷ್ ಧಾರಾಳವಾಗಿ ಕೇಳಿಸುತ್ತದೆ. ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯ ಕನ್ನಡಿಗ ಗೆಳೆಯರು, ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು, ಈಗ ಫೋನ್ ಮಾಡಿ ‘ಅಲ್ಲಿಗೆ ಬರೋದು ಹೇಗೆ, ಏನೇನು ಬೇಕು’ ಅಂತ ವಿಚಾರಿಸುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಇಲ್ಲಿ ಬಹಳ ವರ್ಷದಿಂದ ಇರುವ ಇಂಗ್ಲಿಷರ ಅನುಭವ ನಮಗೆ ಹೊಂದುವುದಿಲ್ಲ. 2020ರ ಡಿಸೆಂಬರ್ 31ಕ್ಕೆ ಮೊದಲೇ ಇಲ್ಲಿ ವಾಸವಾಗಿದ್ದವರಿಗೆ ಬ್ರೆಕ್ಸಿಟ್ ಒಪ್ಪಂದದಡಿ ಬೇರೆಯೇ ಕಾರ್ಡ್ ಇದೆ, ಅವರ ಹಕ್ಕುಗಳೂ ಬೇರೆ. ಆಮೇಲೆ ಬಂದ ನಮ್ಮಂಥವರಿಗೆ 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಇರಬೇಕಾದರೆ ದೀರ್ಘಾವಧಿ ವೀಸಾ ಬೇಕೇ ಬೇಕು. ನಾವು ಪಡೆದದ್ದು ‘ವಿಸಿತರ್’ ವೀಸಾ. ಇಲ್ಲಿ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಡಬೇಕು; ಇರಲು ಜಾಗ ತೋರಿಸಬೇಕು; ಆದಾಯ ಕಡೇಪಕ್ಷ ಇಲ್ಲಿನ ಕನಿಷ್ಠ ವೇತನದಷ್ಟಿರಬೇಕು. ಕೈಗೆ ಬರುವ ಲೆಕ್ಕದಲ್ಲಿ ಅದು ತಿಂಗಳಿಗೆ 1,400 ಯೂರೋ ಚಿಲ್ಲರೆ. ಬಂದಿಳಿದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಆ ವೀಸಾವನ್ನು ಊರ್ಜಿತಗೊಳಿಸಬೇಕು. ವರ್ಷ ತುಂಬುವ ಮೊದಲು, ಅವಧಿ ಮುಗಿಯಲು ನಾಲ್ಕು ತಿಂಗಳಿರುವಾಗಿನಿಂದ ಎರಡು ತಿಂಗಳಿರುವವರೆಗಿನ ಆ ಕಿಂಡಿಯಲ್ಲೇ, ಕಾರ್ತ್ ದ ಸೆಜೂರ್‌ಗೆ, ಅಂದರೆ ವಾಸದ ಕಾರ್ಡಿಗೆ, ಅರ್ಜಿ ಹಾಕಬೇಕು. ಈ ಎರಡು ತಾರೀಖುಗಳನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಇನ್ನು ಕಾಗದಪತ್ರ. ಫ್ರಾನ್ಸಿನಲ್ಲಿ ಒಂದು ಕಾಗದ ಇನ್ನೊಂದು ಕಾಗದವನ್ನು ಹುಟ್ಟಿಸುತ್ತದೆ. ಯಾವುದು ಮೊದಲು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಎಲ್ಲಕ್ಕೂ ಬುಡ ವಿಳಾಸದ ಪುರಾವೆ. ಕರೆಂಟ್ ಬಿಲ್ಲು ಇಲ್ಲದೆ ಬ್ಯಾಂಕ್ ಖಾತೆ ಕಷ್ಟ. ಬ್ಯಾಂಕ್ ಖಾತೆಯ ವಿವರವಿರುವ ಚೀಟಿ, ‘ರಿಬ್’ ಅನ್ನುತ್ತಾರೆ, ಅದಿಲ್ಲದೆ ನೀರು, ಫೋನು, ಆರೋಗ್ಯ ವಿಮೆ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ನಾವು ಮನೆಯ ಬೀಗದ ಕೈ ಸಿಕ್ಕ ದಿನವೇ ಕರೆಂಟ್ ಸಂಪರ್ಕವನ್ನು ಇಬ್ಬರ ಹೆಸರಿಗೂ ಮಾಡಿಸಿದೆವು. ಒಬ್ಬರ ಹೆಸರು ಮಾತ್ರ ಇದ್ದರೆ ಇನ್ನೊಬ್ಬರು ಇಲ್ಲಿ ವಾಸವಾಗಿದ್ದಾರೆ ಎಂದು ಸಾಬೀತು ಮಾಡಲು ಬೇರೆ ಪತ್ರಕ್ಕೆ ಓಡಾಡಬೇಕು. ಇಂಗ್ಲಿಷ್ ನೆರೆಯವರು ಈ ಪದ್ಧತಿಗೆ ಬೇಸರಪಡುತ್ತಾರೆ. ಅವರ ನಾಡಿನಲ್ಲಿ ಗುರುತಿನ ಚೀಟಿಯೇ ಇಲ್ಲ. ರೇಷನ್ ಕಾರ್ಡಿಗೂ ಆದಾಯ ಪತ್ರಕ್ಕೂ ತಾಲ್ಲೂಕು ಕಚೇರಿಯ ಮುಂದೆ ನಿಂತು, ಮೂರು ನಕಲು, ಒಂದು ದೃಢೀಕೃತ ಪ್ರತಿ, ಮೂಲ ಕೈಯಲ್ಲಿ ಎಂದು ಕಲಿತು ಬೆಳೆದ ನನಗೆ ಇದು ಪರಿಚಿತ ದಾರಿ. ಆ ಅಭ್ಯಾಸ ನನಗೆ ಇಲ್ಲಿ ಅನ್ನ ಹಾಕಿದೆ.

ಹುಟ್ಟಿದ ದಾಖಲೆಯ ವಿಚಾರ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ನನ್ನ ವಯಸ್ಸಿನವರ ಜನನ ಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ. ‘ಗಂಡು’ ಎಂದಿರುತ್ತದೆ, ತಂದೆಯ ಹೆಸರಿರುತ್ತದೆ, ಅಷ್ಟೆ. ಇಲ್ಲಿನ ಆರೋಗ್ಯ ವಿಮಾ ಕಚೇರಿಗೆ ತಂದೆತಾಯಿಯ ಹೆಸರಿರುವ ಪೂರ್ಣ ಜನನ ಪತ್ರ ಬೇಕು. ನಾವು ಊರಿಗೆ ಹೋದಾಗಲೇ ಹೆಸರಿರುವ ಹೊಸ ಪ್ರತಿ ತೆಗೆಸಿ, ಭಾರತದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಹೊರದೇಶದವರು ಒಪ್ಪುವ ಮುದ್ರೆ, ಹಾಕಿಸಿಕೊಂಡು ಬಂದಿದ್ದೆವು. ಫ್ರೆಂಚ್ ಅನುವಾದವನ್ನು ನ್ಯಾಯಾಲಯದ ಪಟ್ಟಿಯಲ್ಲಿರುವ ಅನುವಾದಕರೇ ಮಾಡಿ ಮುದ್ರೆ ಒತ್ತಬೇಕು.

ಹೆಸರಿನ ಇನ್ನೊಂದು ತೊಡಕು ಹೆಂಗಸರದ್ದು. ಫ್ರಾನ್ಸಿನಲ್ಲಿ ಹೆಣ್ಣುಮಗಳಿಗೆ ಸರ್ಕಾರಿ ಲೆಕ್ಕದಲ್ಲಿ ಕೊನೆಯವರೆಗೂ ಹುಟ್ಟಿದ ಮನೆಯ ಹೆಸರೇ. ಗಂಡನ ಹೆಸರು ಬಳಕೆಗೆ ಮಾತ್ರ. ಇಂಗ್ಲಿಷ್ ಹೆಂಗಸರಿಗೂ ಆಸ್ಪತ್ರೆಯಲ್ಲಿ ಎಂದೋ ಬಿಟ್ಟ ತವರಿನ ಹೆಸರಿನಿಂದ ಕರೆದಾಗ ಆಶ್ಚರ್ಯವಾಗುತ್ತದೆ. ನನ್ನ ಹೆಂಡತಿಗೆ ಹುಟ್ಟಿದಾಗ ಇದ್ದದ್ದು ಒಂದು ಹೆಸರು, ಮುಂದೆ ಒಂದು ಇನಿಷಿಯಲ್. ಆ ಇನಿಷಿಯಲ್ಲನ್ನು ಬಿಡಿಸಿ ಬರೆದ ಮದುವೆ ನೋಂದಣಿ ಪತ್ರ, ಬ್ರಿಟಿಷ್ ಪೌರತ್ವದ ಪ್ರಮಾಣಪತ್ರ ಎರಡನ್ನೂ ಜೋಡಿಸಿ ಕೊಟ್ಟ ಮೇಲೆ ಹೆಸರು ಸರಿಯಾಗಿ ದಾಖಲಾಯಿತು.

ಆರೋಗ್ಯ ವಿಮಾ ಕಚೇರಿಯಿಂದ ಬರುವ ಸಂಖ್ಯೆ 13 ಅಂಕಿಯದು, ಕೊನೆಗೆ ಪರಿಶೀಲನೆಗೆ ಇನ್ನೆರಡು. ಗಂಡಸಾದರೆ 1, ಹೆಂಗಸಾದರೆ 2. ಆಮೇಲೆ ಹುಟ್ಟಿದ ವರ್ಷ, ತಿಂಗಳು. ಹೊರದೇಶದಲ್ಲಿ ಹುಟ್ಟಿದವರಿಗೆ ಮುಂದೆ 99, ಅದರ ಪಕ್ಕ ದೇಶದ ಸಂಖ್ಯೆ. ಪಕ್ಕದ ಮನೆಯ ಇಂಗ್ಲಿಷ್ ದಂಪತಿಗೆ ಅಲ್ಲಿ 132 ಇದ್ದರೆ ನಮಗೆ 223, ಭಾರತದ್ದು. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ನೆಲ. ಆ ಸಂಖ್ಯೆಯಿರುವ ಹಸಿರು ಬಣ್ಣದ ಕಾರ್ತ್ ವಿತಾಲ್, ಅಂದರೆ ಆರೋಗ್ಯ ವಿಮೆಯ ಕಾರ್ಡ್, ಕೈಗೆ ಬಂದ ದಿನ ನನಗೆ ನಿಜವಾಗಿ ಸಂತೋಷವಾಯಿತು.

ಚಿಕಿತ್ಸೆಯ ಖರ್ಚು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಇಷ್ಟು. ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಪಡೆಯುವವರು ಹೊರಡುವ ಮೊದಲು ಎಸ್-1 ಪತ್ರ ತರಿಸಿಕೊಳ್ಳಬೇಕು. ಆಗ ಚಿಕಿತ್ಸೆಯ ಹೊಣೆ ಬ್ರಿಟನ್ನಿನದು, ಸೌಲಭ್ಯ ಫ್ರೆಂಚರಿಗೆ ಸಿಗುವಂಥದ್ದೇ. ಪಿಂಚಣಿ ವಯಸ್ಸು ಬಾರದವರು ಮೂರು ತಿಂಗಳು ನೆಲೆಸಿದ ಮೇಲೆ ಇಲ್ಲಿನ ಸಾರ್ವತ್ರಿಕ ವಿಮೆಗೆ ಅರ್ಜಿ ಹಾಕಬಹುದು, ಅಲ್ಲಿಯವರೆಗೆ ಖಾಸಗಿ ವಿಮೆ. ಎಲ್ಲವೂ ಪುಕ್ಕಟೆ ಎಂದುಕೊಂಡು ಬರಬೇಡಿ. ಸಾಮಾನ್ಯ ಡಾಕ್ಟರಿಗೆ 30 ಯೂರೋ. ಅದರ ಶೇ. 70, ಅಂದರೆ 21 ಯೂರೋದಲ್ಲಿ 2 ಯೂರೋ ಹಿಡಿದು 19 ವಾಪಸ್ ಬರುತ್ತದೆ. ಉಳಿದ 9 ಯೂರೋ ‘ಮ್ಯುತ್ಯುಎಲ್’ ಎಂಬ ಪೂರಕ ವಿಮೆಯದು. ಆ ಪೂರಕ ವಿಮೆ ಕಡ್ಡಾಯವಲ್ಲ, ಆದರೂ ಆಸ್ಪತ್ರೆ ಸೇರುವ ಪ್ರಸಂಗ ಬಂದರೆ ಅದಿಲ್ಲದೆ ಕಷ್ಟ. ಹಳ್ಳಿಗಳಲ್ಲಿ ಹೊಸ ರೋಗಿಗಳನ್ನು ಒಪ್ಪುವ ಡಾಕ್ಟರು ಸಿಗುವುದೇ ದೊಡ್ಡ ಕೆಲಸ. ಮನೆ ಹುಡುಕುವಾಗಲೇ ಹತ್ತಿರದಲ್ಲಿ ಡಾಕ್ಟರ್ ಯಾರು, ಹೊಸಬರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಔಷಧಿ ಅಂಗಡಿಯಲ್ಲಿ ಕೇಳಿ. ಹಸಿರು ಶಿಲುಬೆಯ ದೀಪವಿರುವ ಆ ಅಂಗಡಿಯವರಿಗೆ ಊರಿನ ಆರೋಗ್ಯವೆಲ್ಲ ಗೊತ್ತಿರುತ್ತದೆ. ಕಾಡಿನಲ್ಲಿ ಆಯ್ದ ಅಣಬೆಯನ್ನು ತಿನ್ನಬಹುದೇ ಎಂದು ತೋರಿಸಿಕೊಂಡು ಬರಲೂ ಜನ ಅವರಲ್ಲಿಗೇ ಹೋಗುತ್ತಾರೆ.

ಜನರ ವಿಷಯಕ್ಕೆ ಬಂದರೆ, ಹಳ್ಳಿಗೆ ಬಂದ ಮೊದಲ ವಾರವೇ ‘ಮೆರಿ’ಗೆ ಹೋಗಿ. ನಮ್ಮ ಪಂಚಾಯಿತಿ ಕಚೇರಿಯಂಥದ್ದು. ಫ್ರಾನ್ಸಿನಲ್ಲಿ ಇಂಥ ಊರಾಡಳಿತಗಳು 35 ಸಾವಿರದ ಹತ್ತಿರ ಇವೆ, ನೂರಿನ್ನೂರು ಜನರ ಊರಿಗೂ ಒಬ್ಬ ಮೇಯರ್ ಇರುತ್ತಾರೆ. ನಮ್ಮ ಊರಿನ ಮೆರಿ ವಾರದಲ್ಲಿ ಕೆಲವು ಹೊತ್ತು ಮಾತ್ರ ತೆರೆದಿರುತ್ತದೆ. ಅಲ್ಲಿನ ಕಾರ್ಯದರ್ಶಿಯಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ನಮ್ಮ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು. ಯಾವುದು ಪೆರಿಗ್ಯೂ ನಗರದ ಜಿಲ್ಲಾ ಕಚೇರಿಗೆ, ಯಾವುದು ತೆರಿಗೆಯವರಿಗೆ, ಯಾವುದು ಕಸದ ಕಾರ್ಡಿಗೆ ಎಂದು ಬೇರೆ ಬೇರೆ ಮಾಡಿ, ಪ್ರತಿಯೊಂದು ಗುಂಪಿಗೂ ಬಣ್ಣದ ಚೀಟಿ ಅಂಟಿಸಿ ಕೊಟ್ಟರು. ನಮ್ಮ ಕಡೆ ಕಸದ ಗಾಡಿ ಮನೆ ಬಾಗಿಲಿಗೆ ಬರುವುದಿಲ್ಲ. ರಸ್ತೆ ಬದಿಯ ಡಬ್ಬಕ್ಕೆ ಕಾರ್ಡ್ ಹಿಡಿದರೆ ಬಾಯಿ ತೆರೆಯುತ್ತದೆ. ಆ ಕಾರ್ಡಿಗೂ ಕರೆಂಟ್ ಬಿಲ್ಲೇ ಬೇಕು.

ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಹೇಳಬೇಕು. ಮೊದಲು ಅದು, ಆಮೇಲೆ ಕೆಲಸ. ಬಸ್ ಡ್ರೈವರಿಗೂ ಡಾಕ್ಟರ ಕೋಣೆಯ ಹೊರಗೆ ಕಾದು ಕುಳಿತವರಿಗೂ ಹೇಳಬೇಕು. ಇಂಗ್ಲೆಂಡಿನ ಅಭ್ಯಾಸದಂತೆ ‘ಕ್ಷಮಿಸಿ, ಇದು ಎಲ್ಲಿ ಸಿಗುತ್ತದೆ’ ಎಂದು ನೇರ ಕೇಳಿದರೆ ಮುಖ ಗಂಟಾಗುತ್ತದೆ. ಮಧ್ಯಾಹ್ನ 12ರಿಂದ 2ರವರೆಗೆ ಕಚೇರಿ, ಅಂಗಡಿ ಎಲ್ಲ ಮುಚ್ಚಿ ಊಟ. ಆ ಹೊತ್ತಿನಲ್ಲಿ ಫೋನನ್ನೂ ಮಾಡಬೇಡಿ. ನವೆಂಬರ್, ಡಿಸೆಂಬರ್ ಬಂತೆಂದರೆ ಅಗ್ನಿಶಾಮಕ ದಳದವರು ಕ್ಯಾಲೆಂಡರ್ ಹಿಡಿದು ಮನೆಮನೆಗೆ ಬರುತ್ತಾರೆ. ಹಳ್ಳಿಗಳಲ್ಲಿ ಅವರು ಬಹುಪಾಲು ಸ್ವಯಂಸೇವಕರು. ಬೇರೆ ದಿನ ಬಡಗಿಯೋ ರೈತರೋ ಆಗಿರುವ ಅದೇ ಜನ, ರಾತ್ರಿ ಎದೆ ನೋವೆಂದರೆ ಓಡಿ ಬರುವವರು. ಕೈತುಂಬ ಕೊಟ್ಟು ಕ್ಯಾಲೆಂಡರ್ ತೆಗೆದುಕೊಳ್ಳಿ.

ಮನೆಯ ಬಗ್ಗೆ ಸ್ವಲ್ಪ. ಕೊಳ್ಳುವವರಿಗೆ ಕರಾರು ಪತ್ರಕ್ಕೆ ಸಹಿ ಮಾಡಿದ ಮೇಲೂ ಮನಸ್ಸು ಬದಲಾಯಿಸಲು 10 ದಿನ ಇರುತ್ತದೆ. ಹಳೆಯ ಮನೆಯಾದರೆ ನೋಂದಣಿ ಖರ್ಚೆಲ್ಲ ಸೇರಿ ಬೆಲೆಯ ಮೇಲೆ ಶೇ. 7ರಿಂದ 8. ಎಷ್ಟೋ ಹಳ್ಳಿ ಮನೆಗಳಿಗೆ ಒಳಚರಂಡಿ ಇಲ್ಲ, ಗುಂಡಿಯೇ ಗತಿ. ಆ ಗುಂಡಿಯ ತಪಾಸಣಾ ವರದಿ ಮೂರು ವರ್ಷಕ್ಕಿಂತ ಹಳತಾಗಿರಬಾರದು. ನಿಯಮಕ್ಕೆ ಸರಿಯಿಲ್ಲ ಎಂದಿದ್ದರೆ ಕೊಂಡವರು ಒಂದು ವರ್ಷದೊಳಗೆ ಸರಿಪಡಿಸಬೇಕು. ನಾವು ಕೊಂಡ ಮನೆಯ ವರದಿಯಲ್ಲಿ ಹಾಗೇ ಇತ್ತು. ರಿಪೇರಿಯ ಅಂದಾಜು ಪಟ್ಟಿ ತರಿಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಂಡು ಆಮೇಲೆ ಸಹಿ ಮಾಡಿದೆವು. ಅಂಥ ಮನೆಯಲ್ಲಿ ಬ್ಲೀಚ್ ಸುರಿದು ಕಕ್ಕಸು ತೊಳೆಯುವ ಅಭ್ಯಾಸ ಬಿಡಬೇಕು. ಗುಂಡಿಯೊಳಗೆ ಕೆಲಸ ಮಾಡುವ ಜೀವಾಣುಗಳು ಸಾಯುತ್ತವೆ.

ಕರೆಂಟಿನ ಲೆಕ್ಕವೂ ಬೇರೆ. ಇಲ್ಲಿ ಎಷ್ಟು ಶಕ್ತಿ ಬೇಕೆಂದು ಮೊದಲೇ ಆರಿಸಿ ಚಂದಾ ಕಟ್ಟಬೇಕು. 6 ಕೆವಿಎ, ಅಂದರೆ ಸುಮಾರು 6 ಕಿಲೋವ್ಯಾಟ್, ಆರಿಸಿದ ಮನೆಯಲ್ಲಿ ಇಂಗ್ಲೆಂಡಿನಿಂದ ತಂದ 3 ಕಿಲೋವ್ಯಾಟ್ ಕೆಟಲ್, ಇಂಡಕ್ಷನ್ ಒಲೆ, ಹೀಟರ್ ಮೂರೂ ಒಟ್ಟಿಗೆ ಓಡಿದರೆ ಮನೆಯೆಲ್ಲ ಕತ್ತಲು. ಎರಡು ಉಪಕರಣಗಳ ಸ್ವಿಚ್ ಆಫ್ ಮಾಡಿ, ಹಸಿರು ಬಣ್ಣದ ಲಿಂಕಿ ಮೀಟರಿನ ‘+’ ಗುಂಡಿ ಒತ್ತಿ ಹಿಡಿದರೆ ಮತ್ತೆ ಬರುತ್ತದೆ. ಬೆಳಗಿನ ಕಾಫಿ, ಇಡ್ಲಿ, ಸ್ನಾನದ ನೀರು ಒಂದೇ ಹೊತ್ತಿಗೆ ನಡೆಯುವ ಮನೆಗೆ 9 ಕೆವಿಎ ಮೇಲು.

ಚಳಿಗಾಲಕ್ಕೆ ಸೌದೆ. ಅದನ್ನು ಅಳೆಯುವುದು ‘ಸ್ತೇರ್’ ಲೆಕ್ಕದಲ್ಲಿ: ಒಂದು ಮೀಟರ್ ಉದ್ದದ ಸೌದೆ ತುಂಡುಗಳನ್ನು ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಒಟ್ಟಿದರೆ ಒಂದು ಸ್ತೇರ್. ಅದನ್ನೇ 50 ಸೆಂ.ಮೀ. ತುಂಡು ಮಾಡಿದರೆ ರಾಶಿ 0.8 ಘನ ಮೀಟರಿಗೆ ಕುಗ್ಗುತ್ತದೆ, 33 ಸೆಂ.ಮೀ.ಗೆ ಕಡಿದರೆ ಸುಮಾರು 0.7. ರಾಶಿ ಚಿಕ್ಕದಾಯಿತೆಂದು ಜಗಳಕ್ಕೆ ಹೋಗಬೇಡಿ, ಮರ ಅಷ್ಟೇ ಇರುತ್ತದೆ. ಪಕ್ಕದ ಹೊಲದ ರೈತರು ನನಗೆ ಒಣ ಓಕ್ ಗುರುತಿಸುವುದನ್ನು ಕಲಿಸಿದರು. ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದರು: ಒಣಗಿದ್ದು ಟಣ್ ಎಂದಿತು, ಹಸಿ ಇದ್ದದ್ದು ದಪ್ ಎಂದಿತು. ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟಿರಬೇಕು, ತೊಗಟೆ ಬೆರಳಿಗೆ ಸಡಿಲ ಸಿಗಬೇಕು. ಓಕ್ ಒಣಗಲು ಎರಡು ವರ್ಷ ಬೇಕು ಅಂದರು. ಚಿಮಣಿ ಗುಡಿಸಿದವರಿಂದ ಪ್ರಮಾಣಪತ್ರ ಪಡೆದು ಮನೆ ವಿಮೆಯ ಕಾಗದದ ಜೊತೆ ಇಡಿ. ಬೆಂಕಿ ಅನಾಹುತವಾದರೆ ವಿಮೆಯವರು ಮೊದಲು ಕೇಳುವುದು ಅದನ್ನೇ.

ಕಾರಿನ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಇಂಗ್ಲೆಂಡಿನ ಬಲಗಡೆ ಸ್ಟೀರಿಂಗ್ ಕಾರನ್ನು ಅಲ್ಲೇ ಮಾರಿ ಬನ್ನಿ. 2021ರಿಂದ ಸುಂಕದ ಇಲಾಖೆಯ ಪತ್ರ, ತಯಾರಕರ ಪ್ರಮಾಣಪತ್ರ, ಹೆಡ್‌ಲೈಟ್ ಬದಲಾವಣೆ, ತಪಾಸಣೆ ಇಷ್ಟೆಲ್ಲ ಆದ ಮೇಲೇ ನೋಂದಣಿ. ಲೈಸೆನ್ಸಿಗೆ ತೊಂದರೆಯಿಲ್ಲ. 2021ರ ಜನವರಿ 1ಕ್ಕೆ ಮೊದಲು ಕೊಟ್ಟ ಬ್ರಿಟಿಷ್ ಲೈಸೆನ್ಸ್ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಆಮೇಲಿನದಾದರೆ ನೆಲೆಸಿದ ವರ್ಷದೊಳಗೆ ಬದಲಾಯಿಸಿಕೊಳ್ಳಬೇಕು. ಹಳ್ಳಿ ರಸ್ತೆಯಲ್ಲಿ ಫಲಕ ಇಲ್ಲದ ಕೂಡುರಸ್ತೆ ಬಂದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅವರು ಸಣ್ಣ ಓಣಿಯಿಂದ ಟ್ರ್ಯಾಕ್ಟರಿನಲ್ಲಿ ಬಂದರೂ ಸರಿ.

ತೆರಿಗೆಯಲ್ಲಿ ನಮ್ಮವರು ಎಚ್ಚರವಿರಲೇಬೇಕು. ಬಂದ ಮರುವರ್ಷದ ವಸಂತದಲ್ಲಿ ಮೊದಲ ವಿವರ ಸಲ್ಲಿಸಬೇಕು, ಮೊದಲ ಸಲ ಕಾಗದದ ಫಾರಂನಲ್ಲಿ. ಬ್ರಿಟನ್ನಿನಲ್ಲಿ ತೆರಿಗೆ ಇಲ್ಲದ ಐಎಸ್‌ಎ ಉಳಿತಾಯಕ್ಕೆ ಇಲ್ಲಿ ಆ ವಿನಾಯಿತಿ ಇಲ್ಲ. ಹೊರದೇಶದ ಪ್ರತಿಯೊಂದು ಬ್ಯಾಂಕ್ ಖಾತೆಯನ್ನೂ 3916 ಸಂಖ್ಯೆಯ ಫಾರಂನಲ್ಲಿ ತಿಳಿಸಬೇಕು. ಬಿಟ್ಟರೆ ಒಂದು ಖಾತೆಗೆ 1,500 ಯೂರೋ ದಂಡ. ಹೊರದೇಶ ಎಂದರೆ ಬ್ರಿಟನ್ ಮಾತ್ರವಲ್ಲ. ಅಪ್ಪ ಎಂದೋ ತೆರೆದು ಕೊಟ್ಟ ಊರಿನ ಖಾತೆಯೂ ಸೇರುತ್ತದೆ, ಅದರಲ್ಲಿ ಮುನ್ನೂರು ರೂಪಾಯಿ ಇದ್ದರೂ. ನಾವು ಹಾಸನದ ಖಾತೆಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಹೊರಡುವ ಮೊದಲೇ ಮುಚ್ಚಿಸಿದೆವು. ಊರಿನ ಮನೆಯ ಬಾಡಿಗೆಯನ್ನೂ ಇಲ್ಲಿನ ವಿವರದಲ್ಲಿ ತೋರಿಸುತ್ತೇವೆ.

ಅಡುಗೆಮನೆಗೆ ಬೇಕಾದ್ದನ್ನು ಹೇಗೆ ತರುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಅಕ್ಕಿ, ಬೇಳೆ, ರಾಗಿ ಹಿಟ್ಟು, ಪುಡಿಗಳನ್ನು ಮಕ್ಕಳು ಲಂಡನ್ನಿನಿಂದ ಬರುವಾಗ ತರುತ್ತಾರೆ. ಹಾಲಿನ ಪದಾರ್ಥ, ಮಾಂಸ ಬ್ರಿಟನ್ನಿನಿಂದ ತರುವಂತಿಲ್ಲ, ಆದ್ದರಿಂದ ಅಲ್ಲಿನ ತುಪ್ಪದ ಡಬ್ಬಕ್ಕೂ ಪನೀರಿಗೂ ದಾರಿ ಮುಚ್ಚಿದೆ. ತುಪ್ಪಕ್ಕೆ ಚಿಂತೆ ಬೇಡ. ಇಲ್ಲಿನ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿದರೆ ಊರಿನ ತುಪ್ಪದ ಪರಿಮಳವೇ ಬರುತ್ತದೆ. ಪೊಟ್ಟಣದ ಮೇಲೆ ‘ದೂ’ ಎಂದಿರುವುದನ್ನು ಕೊಳ್ಳಿ, ಅದು ಉಪ್ಪಿಲ್ಲದ್ದು. ‘ದೆಮಿ-ಸೆಲ್’ ಎಂದಿದ್ದರೆ ಅದಕ್ಕೆ ಉಪ್ಪು ಹಾಕಿರುತ್ತಾರೆ, ಕಾಯಿಸಲು ಬೇಡ.