ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ: ಮಗುವಿನ ಮಾತು ಅಳೆಯುವುದು ಹೇಗೆ?

ಅರ್ಜಿಯಲ್ಲಿರುವ ‘ಮಾತೃಭಾಷೆ’ ಖಾನೆಯೊಂದನ್ನೇ ನಂಬಬೇಡಿ. ಶಾಲೆಗೆ ಹಾಗೇ ಬರೆಯಬೇಕೇನೋ ಎಂದುಕೊಂಡು ಎಷ್ಟೋ ಮನೆಯವರು ‘ಕನ್ನಡ’ ಎಂದು ತುಂಬಿಬಿಡುತ್ತಾರೆ. ಬದಲಿಗೆ ಅಮ್ಮನನ್ನು ಕೂರಿಸಿಕೊಂಡು ಕೇಳಿ: ಸ್ನಾನ ಮಾಡಿಸುವಾಗ ಯಾವ ಮಾತು? ಅಜ್ಜಿ ಜೊತೆ? ಪಕ್ಕದ ಮನೆ ಮಕ್ಕಳ ಜೊತೆ ಜಗಳ ಯಾವುದರಲ್ಲಿ? ದಿನಕ್ಕೆ ಯಾವ ಭಾಷೆ ಎಷ್ಟು ಹೊತ್ತು ಕಿವಿಗೆ ಬೀಳುತ್ತದೆ ಎಂಬ ಅಂದಾಜು ಸಿಕ್ಕರೆ ಸಾಕು.

ಸೇರಿದ ಮೊದಲ ತಿಂಗಳು ಪರೀಕ್ಷೆ ಬೇಡ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು, ಬಾಯಿಬಿಡದೆ ಬರೀ ಕೇಳಿಸಿಕೊಳ್ಳುತ್ತದೆ. ಆಗ ಆಟದಲ್ಲಿ, ಊಟದ ಹೊತ್ತಿನಲ್ಲಿ ಗಮನಿಸಿ: ಸನ್ನೆ ಮಾಡುತ್ತದೆಯೇ? ಹೇಳಿದ್ದನ್ನು ತರುತ್ತದೆಯೇ?

ಆಮೇಲೆ ದಿನಬಳಕೆಯ 20 ಚಿತ್ರ ತೋರಿಸಿ. ಒಂದು ದಿನ ಕನ್ನಡದಲ್ಲಿ ಕೇಳಿ, ಇನ್ನೊಂದು ದಿನ ತುಳು ಬಲ್ಲ ಸಹಾಯಕಿಯಿಂದ ಕೇಳಿಸಿ. ಕನ್ನಡದಲ್ಲಿ 9 ಹೆಸರು, ತುಳುವಿನಲ್ಲಿ 14, ಎರಡರಲ್ಲೂ ಬಂದವು 6 ಎಂದುಕೊಳ್ಳಿ. 9ಕ್ಕೆ 14 ಕೂಡಿಸಿ 6 ಕಳೆಯಿರಿ: ಮಗುವಿಗೆ 17 ವಸ್ತು ಗೊತ್ತು. ‘ಬೆಕ್ಕು’ ಬಾರದೆ ‘ಪುಚ್ಚೆ’ ಎಂದರೂ ಅದಕ್ಕೆ ಬೆಕ್ಕು ಗೊತ್ತಲ್ಲ! ಕನ್ನಡದ 9 ಮಾತ್ರ ಬರೆದುಕೊಂಡರೆ ಚುರುಕು ಮಗುವೂ ಪುಸ್ತಕದಲ್ಲಿ ‘ಹಿಂದೆ’ ಬೀಳುತ್ತದೆ. ಮಗುವಿನ ಅಕ್ಕನನ್ನು ಮಾತ್ರ ದುಭಾಷಿ ಮಾಡಬೇಡಿ. ಅವಳೇ ಉತ್ತರ ಹೇಳಿಬಿಡುತ್ತಾಳೆ. ಸಹಾಯಕಿಗೂ ಮೊದಲೇ ತಿಳಿಸಿ: ಪ್ರಶ್ನೆ ಕೇಳಿ ಸುಮ್ಮನಿರಬೇಕು, ಕಣ್ಣಲ್ಲೂ ಸುಳಿವು ಕೊಡಬಾರದು.

ನಾಲ್ಕು ಚಿತ್ರದ ಕಥೆಯೊಂದನ್ನು ಮಗುವಿನಿಂದ ಹೇಳಿಸಿ, ಬಾಯಿಗೆ ಬಂದದ್ದನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ‘ಟೀಚರ್, ನುಪ್ಪು ಬೇಕು’ ಎಂಬುದು ಪೂರ್ಣ ವಾಕ್ಯವೇ; ‘ನುಪ್ಪು’ ಎಂದರೆ ತುಳುವಿನಲ್ಲಿ ಅನ್ನ. ಬೆರಕೆಗೆ ಅಂಕ ಕಳೆಯಬಾರದು. ಉರ್ದು ಮನೆಮಾತಿನ ಮಗು ‘ಬಸ್ಸು ಬಂದಳು’ ಎಂದರೆ ಅದರ ಬುದ್ಧಿಗೆ ಏನೂ ಆಗಿಲ್ಲ. ಉರ್ದುವಿನಲ್ಲಿ ನಪುಂಸಕಲಿಂಗವಿಲ್ಲ, ಅಷ್ಟೆ.

ನಿಜವಾದ ತೊಂದರೆ ಎರಡೂ ಭಾಷೆಯಲ್ಲಿ ಕಾಣುತ್ತದೆ. ಮೂರು ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ ಕಾಯಬೇಡಿ. ಮೊದಲು ಕಿವಿ ತೋರಿಸಿ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ಕೇಳಿಸದಿರುವುದುಂಟು. ಅಂಗನವಾಡಿಗೆ ಬರುವ ಆರೋಗ್ಯ ತಪಾಸಣಾ ತಂಡಕ್ಕೆ ಹೇಳಿ, ಇಲ್ಲವೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಲು ತಿಳಿಸಿ.

ಉಳಿದ ಮಕ್ಕಳಿಗೆ ಮೂರು ತಿಂಗಳ ಬಳಿಕ ಅದೇ 20 ಚಿತ್ರ ಮತ್ತೆ ತೋರಿಸಿ, ಎರಡೂ ಭಾಷೆಯ ಲೆಕ್ಕವನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ.