ಮದರಾಸು ತಾರಸಿಯನ್ನು ಕೆಡವದೆ ಉಳಿಸಿದ ನನ್ನ ಅನುಭವ

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿಯ ಹಳೆಯ ಮನೆಯೊಂದರ ಮದರಾಸು ತಾರಸಿಯನ್ನು, ಅಂದರೆ ಮರದ ಜಂತಿಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಚಾವಣಿಯನ್ನು, ಕೆಡವಿ ಆರ್‌ಸಿಸಿ ಹಾಕಬೇಕೆಂದು ನನಗಿಂತ ಮೊದಲು ನೋಡಿದ ಇಬ್ಬರು ಇಂಜಿನಿಯರುಗಳು ಹೇಳಿದ್ದರು. ಗಾರೆಯಲ್ಲೇ ದುರಸ್ತಿ ಮಾಡುತ್ತೇನೆಂದಾಗ, ಅದು ಒಂದು ಮಳೆಗಾಲವೂ ನಿಲ್ಲದೆಂದು ಎಚ್ಚರಿಸಿದರು. ಈಗ ಮೂರು ಮಳೆಗಾಲ ಕಳೆದಿವೆ, ಒಳಗೆ ಒಂದು ಹನಿಯೂ ಇಳಿದಿಲ್ಲ.

ಮದರಾಸು ತಾರಸಿಯ ಜಂತಿಗಳ ನಡುಭಾಗವನ್ನು ನೋಡಿ ತೀರ್ಮಾನಿಸಬಾರದು. ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಕೊಳೆಯುವುದು. ಪ್ರತಿ ತುದಿಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಸುಮಾರು 40 ಜಂತಿಗಳಲ್ಲಿ ಏಳರಲ್ಲಿ ಮಾತ್ರ ಅದು ಹಿಡಿಯವರೆಗೂ ಇಳಿಯಿತು. ಉಳಿದ ತೇಗ ಸುತ್ತಿಗೆಯಿಂದ ತಟ್ಟಿದರೆ ಖಣಖಣ ಎನ್ನುತ್ತಿತ್ತು. ಏಳು ತುದಿಗಳಿಗಾಗಿ ಅಂಥ ತಾರಸಿಯನ್ನು ಕೆಡವಲು ನನಗೆ ಮನಸ್ಸು ಬರಲಿಲ್ಲ. ಜಾಕಿ ಕೊಟ್ಟು, ಕೊಳೆತಷ್ಟನ್ನೇ ಕತ್ತರಿಸಿ, ಹಳೆಯ ತೇಗವನ್ನೇ ಜೋಡಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿದೆವು. ಆ ತೇಗವನ್ನು ಎಲ್ಲಿಂದ ತರುತ್ತೇನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮೇಲೆ ಇಟ್ಟಿಗೆ ಜಲ್ಲಿಯ ಗಾರೆ ಹಾಸಿ ಮೂರು ದಿನ ಬಡಿದು ಗಟ್ಟಿಮಾಡಿಸಿದೆವು.

ನಾನು ಸೋತದ್ದು ಗೋಡೆಯಲ್ಲಿ. ಹಿಂದೆ ಯಾರೋ ಬಳಿಸಿದ್ದ ಸಿಮೆಂಟನ್ನು ಕೆತ್ತಿಸಿದಾಗ, ನೆಲದಿಂದ ಏರಿದ ತೇವ ಹೊರಹೋಗಲು ದಾರಿಯಿಲ್ಲದೆ ಇಟ್ಟಿಗೆಯೆಲ್ಲ ಉಪ್ಪುಗಟ್ಟಿತ್ತು. ಅದು ಆರುವವರೆಗೂ ಕಾಯದೆ, ಒಂದೇ ವಾರ ನೆನೆಸಿದ ಸುಣ್ಣದಿಂದ ಏಪ್ರಿಲ್ ಬಿಸಿಲಿನಲ್ಲಿ ಗಾರೆ ಬಳಿಸಿದೆ. ಅರಳದೆ ಉಳಿದಿದ್ದ ಸುಣ್ಣದ ಹರಳುಗಳು ಗೋಡೆಯಲ್ಲೇ ಅರಳಿ ಕಡಲೆಗಾತ್ರದ ಗುಳಿಗಳಾಗಿ ಸಿಡಿದವು. ಸುಮಾರು 70,000 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಎರಡನೆಯ ಸಲ ಸುಣ್ಣವನ್ನು ಮೂರು ತಿಂಗಳು ನೀರಿನಡಿ ಇಟ್ಟು, ಸುರಕಿ (ಇಟ್ಟಿಗೆ ಪುಡಿ) ಬೆರೆಸಿ ಬಳಿಸಿ, 20 ದಿನ ಒದ್ದೆ ಗೋಣಿಚೀಲ ಹೊದಿಸಿದೆ.

ಆ ಮೂರು ತಿಂಗಳಲ್ಲಿ ಹಿತ್ತಿಲ ಕಾಂಪೌಂಡಿನ ಮೇಲೆ ಬೆಲ್ಲದ ನೀರಿನದು, ಅಳಲೆಕಾಯಿ ನೀರಿನದು, ಎರಡೂ ಬೆರೆತದ್ದು, ಏನೂ ಬೆರೆಸದ್ದು ಎಂದು ನಾಲ್ಕು ತುಂಡು ಗಾರೆ ಬಳಿದು ಯಾವುದು ಗಟ್ಟಿ ನಿಲ್ಲುತ್ತದೆಂದು ನೋಡಿದೆ. ಬೆಲ್ಲ ಹೆಚ್ಚಾದದ್ದಕ್ಕೆ ಇರುವೆ ಮುತ್ತಿತು, ವಾರ ಕಳೆದರೂ ಅದು ಗಟ್ಟಿಯಾಗಲಿಲ್ಲ. ಎರಡೂ ಬೆರೆತದ್ದನ್ನು ಉಗುರಿನಿಂದ ಗೀರಲಾಗಲಿಲ್ಲ. ಆ ಹದ ನಮ್ಮ ಮೇಸ್ತ್ರಿಯ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಬರೆಯಲಾರೆ.

ಆರ್‌ಸಿಸಿಗೆ ಕೊಟ್ಟಿದ್ದ ಅಂದಾಜು 22 ಲಕ್ಷದ ಆಸುಪಾಸಿನಲ್ಲಿತ್ತು. ನಮ್ಮ ಖರ್ಚು, ಸೋಲಿನದನ್ನೂ ಸೇರಿಸಿ, 14 ಲಕ್ಷ ದಾಟಲಿಲ್ಲ. ಕಾಲ ಮಾತ್ರ ಹತ್ತು ತಿಂಗಳು ಹಿಡಿಯಿತು. ಎಚ್ಚರಿಸಿದ್ದವರಲ್ಲಿ ಒಬ್ಬರು ಈಚೆಗೆ ನಮ್ಮ ಮೇಸ್ತ್ರಿಯ ನಂಬರು ಕೇಳಿದರು. ಮುಂಬಾಗಿಲ ಮೇಲಿನ ಬಿರುಕು ಅಗಲವಾದರೆ ತಿಳಿಯಲೆಂದು ಅದಕ್ಕೆ ತಾರೀಖು ಬರೆದು ಅಂಟಿಸಿದ್ದ ಗಾಜಿನ ಪಟ್ಟಿ ಇಂದಿಗೂ ಒಡೆದಿಲ್ಲ. ಕಳೆದ ಅಕ್ಟೋಬರಿನಲ್ಲಿ ದೊಡ್ಡ ಮಳೆಯಾದ ಮರುದಿನವೇ ಹೋಗಿ ನೋಡಿಬಂದೆ.